ನಮ್ಮ ಅಪಾರ್ಟ್‌ಮೆಂಟಿನ ಫೈರ್ ಸೇಫ್ಟಿ, ಸ್ಟ್ರಕ್ಚರ್ ದಾಖಲೆಗಳನ್ನು ಇಡೋಕೆ ಯಾವ ಆ್ಯಪ್ ಒಳ್ಳೆಯದು?

14 ಮಹಡಿ, ಹೊಸ ಅಸೋಸಿಯೇಷನ್, ಬಿಲ್ಡರ್ ಹ್ಯಾಂಡೋವರ್ ಕೊಡುತ್ತಿದ್ದಾರೆ, ಸೆಕ್ರೆಟರಿ ಕೆಲಸ ನಿಮ್ಮ ತಲೆಗೆ ಬಂದಿದೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಬೆಂಗಳೂರಲ್ಲೇ ಇಂಥದ್ದೇ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನೂ ಆ ಕೆಲಸ ಮಾಡಿದ್ದೆ. ಮೊದಲು ಹುಡುಕಿದ್ದು ಆ್ಯಪ್‌ನೇ. ಆ್ಯಪ್ ಬಿಡಿ, ಅದು ಆಮೇಲಿನ ಮಾತು.

ನಮ್ಮ ಬಿಲ್ಡರ್ ಕಡೆಯ ಮ್ಯಾನೇಜರ್ ಒಂದು ರಟ್ಟಿನ ಡಬ್ಬ, ನಾಲ್ಕೈದು ಫೈಲು, ಉದ್ದದ ಪೈಪಿನಂಥ ಡಬ್ಬಿಯಲ್ಲಿ ಸುತ್ತಿಟ್ಟ ಡ್ರಾಯಿಂಗ್‌ಗಳನ್ನು ತಂದರು. ಜೊತೆಗೆ ಒಂದು ಲಿಸ್ಟು. 'ಆಸ್-ಬಿಲ್ಟ್ ಫೈರ್ ಡ್ರಾಯಿಂಗ್: ಸ್ವೀಕರಿಸಲಾಗಿದೆ' ಅನ್ನೋ ಸಾಲಿಗೆ ನಾನೇ ಟಿಕ್ ಹಾಕಿ ಸಹಿ ಮಾಡಿದೆ. ಆಸ್-ಬಿಲ್ಟ್ ಅಂದರೆ ನಿಜವಾಗಿ ಕಟ್ಟಿರೋದನ್ನು ಇದ್ದ ಹಾಗೇ ತೋರಿಸೋ ನಕ್ಷೆ. ಡ್ರಾಯಿಂಗ್ ಬಿಚ್ಚಿಯೂ ನೋಡಿದ್ದೆ, ನೀಟಾಗಿತ್ತು. ನೋಡದೆ ಇದ್ದದ್ದು ಬಲಗಡೆ ಕೆಳಮೂಲೆಯ ಚೌಕ. ಡ್ರಾಯಿಂಗಿನ ಹೆಸರು, ತಾರೀಕು, ಎಷ್ಟನೇ ಸಲ ತಿದ್ದಿದ್ದು ಅನ್ನೋದೆಲ್ಲ ಬರೆದಿರೋದು ಅಲ್ಲೇ. ತಾರೀಕು ಪಾಯ ತೆಗೆಯೋದಕ್ಕೂ ಮುಂಚಿನದು! ಅಂದರೆ ನಮ್ಮ ಕೈಗೆ ಬಂದದ್ದು ಮಂಜೂರಾತಿಗೆ ಕೊಟ್ಟಿದ್ದ ನಕ್ಷೆ. ಕಟ್ಟುವಾಗ ಟ್ರಾನ್ಸ್‌ಫಾರ್ಮರ್ ಜಾಗ ಬದಲಾಗಿತ್ತು. ಹಾಗಾಗಿ ಬೆಂಕಿ ಆರಿಸೋಕೆ ನೀರು ಕೊಡೋ ಹೈಡ್ರಂಟ್ ಪೈಪ್‌ಲೈನನ್ನೂ ಬೇರೆ ಕಡೆಯಿಂದ ತಿರುಗಿಸಿದ್ದರು. ಕಾಗದದ ಮೇಲೆ ಮಾತ್ರ ಅದು ಹಳೇ ದಾರಿಯಲ್ಲೇ ಇತ್ತು.

ಸ್ವಲ್ಪ ಕಾಲದ ಮೇಲೆ ಜಾಕಿ ಪಂಪ್ ಪದೇ ಪದೇ ಆನ್ ಆಗತೊಡಗಿತು. ಫೈರ್ ಲೈನಿನಲ್ಲಿ ಪ್ರೆಶರ್ ಸ್ವಲ್ಪ ಇಳಿದರೂ ತಾನೇ ಆನ್ ಆಗಿ ತುಂಬಿಸೋ ಸಣ್ಣ ಪಂಪ್ ಅದು. ಸುಮ್ನೆ ಹೊಡ್ಕೊಳ್ತಾ ಇದೆ ಅಂದರೆ ಸಾಮಾನ್ಯವಾಗಿ ಎಲ್ಲೋ ಲೀಕ್ ಇದೆ ಅಂತ ಅರ್ಥ. ಡ್ರಾಯಿಂಗ್ ನೋಡಿ ಪೋಡಿಯಂ ಮೇಲೆ ಟೈಲ್ಸ್ ಒಡೆಸಿದೆವು. ಪೈಪೇ ಇಲ್ಲ. ವಾಟರ್‌ಪ್ರೂಫಿಂಗ್ ಹಾಳಾಗಿದ್ದೊಂದೇ ಬಂತು. ಕೊನೆಗೆ ಪ್ಲಂಬರ್ ಅದೇ ಡ್ರಾಯಿಂಗ್ ನಂಬಿಕೊಂಡು, ಕ್ಲಬ್‌ಹೌಸ್ ಲೈನಿನದು ಅಂತ ಒಂದು ವಾಲ್ವ್ ಬಂದ್ ಮಾಡಿದ. ಪಂಪ್ ಗಪ್‌ಚುಪ್ ಆಯ್ತು. ಎಲ್ಲರಿಗೂ ಖುಷಿ. ಆದರೆ ಅದು ಬಿ ಬ್ಲಾಕಿನ ರೈಸರ್ ವಾಲ್ವ್, ಅಂದರೆ ಆ ಬ್ಲಾಕಿನ ಎಲ್ಲ ಮಹಡಿಗಳಿಗೂ ಫೈರ್ ನೀರು ಏರಿಸೋ ಪೈಪಿನದು. ಲೀಕ್ ಇದ್ದದ್ದೂ ಅದೇ ಕಡೆ, ಅದಕ್ಕೇ ಪಂಪ್ ನಿಂತದ್ದು. ವಾಲ್ವ್ ಮುಚ್ಚಿದ್ದನ್ನು ಯಾವ ರಿಜಿಸ್ಟರಿನಲ್ಲೂ ಯಾರೂ ಬರೆಯಲಿಲ್ಲ. ಬರೆಯೋಕೆ ರಿಜಿಸ್ಟರೇ ಇರಲಿಲ್ಲ ಅನ್ನಿ.

ದೀಪಾವಳಿಯಲ್ಲಿ ಒಂದು ರಾಕೆಟ್ ಬಿ ಬ್ಲಾಕಿನ ಮೇಲಿನ ಮಹಡಿಯೊಂದರ ಬಾಲ್ಕನಿಗೆ ಬಿತ್ತು. ಒಣ ಹಾಕಿದ ಬಟ್ಟೆ, ರಟ್ಟಿನ ಡಬ್ಬಗಳು ಹೊತ್ತಿಕೊಂಡವು. ಹುಡುಗರು ಓಡಿಹೋಗಿ ಹೈಡ್ರಂಟ್ ಬಾಕ್ಸ್ ತೆಗೆದು, ಹೋಸ್ ಎಳೆದು, ಚಕ್ರ ತಿರುಗಿಸಿದರು. ಉಸ್ ಅಂತ ಗಾಳಿ ಬಂತು. ತುಕ್ಕು ಬಣ್ಣದ ಒಂದು ಚೊಂಬು ನೀರು ಬಂತು. ಅಷ್ಟೇ. ಬಾತ್‌ರೂಮಿನ ಬಕೆಟ್‌ಗಳು, ಅಕ್ಕಪಕ್ಕದ ಮಹಡಿಗಳ ಬೆಂಕಿ ಆರಿಸೋ ಸಿಲಿಂಡರ್‌ಗಳು, ಇಷ್ಟರಲ್ಲೇ ಬೆಂಕಿ ಹತೋಟಿಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ಹಾಲ್ ಮಾತ್ರ ಅರ್ಧ ಸುಟ್ಟಿತ್ತು. ಫೈರ್ ಎಂಜಿನ್ ಬಂದಾಗ ಅಧಿಕಾರಿ ಗೇಟಲ್ಲೇ ಕೇಳಿದ್ದು, "ಪ್ಲಾನ್ ಎಲ್ಲಿ? ನೀರಿನ ಟ್ಯಾಂಕ್ ಯಾವ ಕಡೆ?" ಪ್ಲಾನ್ ಗೂಗಲ್ ಡ್ರೈವಿನಲ್ಲಿತ್ತು. ಪಾಸ್‌ವರ್ಡ್ ಹಳೇ ಟ್ರೆಷರರ್ ಹತ್ತಿರ. ಅವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಸಿಕ್ಕಿದ್ದರೂ ಅದು ತಪ್ಪು ಪ್ಲಾನೇ ಅಲ್ವಾ! ಆಮೇಲೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ಕೇಳಿದ್ದು ಪಂಪಿನ ರಿಜಿಸ್ಟರ್. ಕ್ಲೇಮ್ ಪೂರ್ತಿ ಸಿಗಲಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿ ದುರಂತದ ನಂತರ ಇಂಗ್ಲೆಂಡಿನಲ್ಲಿ ಎಲ್ಲ ಡಿಜಿಟಲ್ ಆಗಿದೆ, ನಾವೂ ಹಾಗೇ ಮಾಡಬೇಕು ಅಂತ ಬರೆದಿದ್ದೀರಿ. ಅರ್ಧ ನಿಜ. 2017ರಲ್ಲಿ ಅಲ್ಲಿ 72 ಜನ ಸತ್ತ ಮೇಲೆ ಬಂದ 2022ರ ಕಾಯ್ದೆ ಎತ್ತರದ ವಸತಿ ಕಟ್ಟಡಗಳಿಗೆ ಡಿಜಿಟಲ್ ದಾಖಲೆ ಕಡ್ಡಾಯ ಮಾಡಿತು. ಆದರೆ 2023ರ ಜನವರಿಯಿಂದ ಅಲ್ಲಿ ಇನ್ನೊಂದು ನಿಯಮವೂ ಇದೆ. 18 ಮೀಟರ್ ಎತ್ತರ ಅಥವಾ 7 ಮಹಡಿ ಇದ್ದರೆ, ಬೀಗ ಹಾಕಿದ ಒಂದು ಪೆಟ್ಟಿಗೆ ಇರಬೇಕು. ಅದರೊಳಗೆ ಫ್ಲೋರ್ ಪ್ಲಾನ್, ಕಾಗದದ ಮೇಲೆ ಪ್ರಿಂಟ್ ಆಗಿರಬೇಕು. ಅಗ್ನಿಶಾಮಕದವರಿಗೆ ಅದು ಕೈಗೆ ಸಿಗಬೇಕು. ನಿಮ್ಮಲ್ಲಿ ಅದಿದೆಯಾ?

ನಾವು ಆಮೇಲೆ ಮಾಡಿದ್ದು ಇಷ್ಟೇ. ಪಂಪ್ ಆಪರೇಟರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರನ್ನೂ ಕರೆದುಕೊಂಡು, ದೊಡ್ಡ ಪ್ರಿಂಟ್ ಮತ್ತು ಕೆಂಪು ಪೆನ್ನು ಹಿಡಿದು ಬೇಸ್‌ಮೆಂಟಿನಿಂದ ಟೆರೇಸ್‌ವರೆಗೆ ನಡೆದೆವು. ಸುಳ್ಳು ಅನ್ನಿಸಿದ ಪ್ರತಿ ಗೆರೆಯನ್ನೂ ಹೊಡೆದು ಹಾಕಿದೆವು. ಪ್ರತಿ ವಾಲ್ವಿಗೂ ನಂಬರಿನ ಬಿಲ್ಲೆ ಕಟ್ಟಿದೆವು. ತೆರೆದೇ ಇರಬೇಕಾದ ವಾಲ್ವಿಗೆ ಚೈನ್ ಹಾಕಿ ಬೀಗ ಜಡಿದೆವು. ಪಂಪ್ ರೂಮಿನಲ್ಲಿ ಹತ್ತು ರೂಪಾಯಿ ಪೆನ್ನನ್ನು ದಾರಕ್ಕೆ ಕಟ್ಟಿ ರಿಜಿಸ್ಟರ್ ಇಟ್ಟೆವು: ಪ್ರೆಶರ್ ಎಷ್ಟು, ಡೀಸೆಲ್ ಎಷ್ಟು, ಪ್ಯಾನೆಲ್ ಆಟೋದಲ್ಲಿದೆಯಾ ಮ್ಯಾನುಯಲ್‌ನಲ್ಲಿದೆಯಾ, ಸಹಿ. ಆ ಆಟೋ-ಮ್ಯಾನುಯಲ್ ಕಾಲಂ ಮರೀಬೇಡಿ. ಸದ್ದು ತಡೆಯಲಾರದೆ ಮ್ಯಾನುಯಲ್‌ಗೆ ಹಾಕಿ ಮಲಗೋ ಆಪರೇಟರ್‌ಗಳು ಬೇಕಾದಷ್ಟಿದ್ದಾರೆ.

ಮೆಟ್ಟಿಲುಗಳನ್ನೂ ಅದೇ ಸುತ್ತಿನಲ್ಲಿ ನೋಡಿ. ಇದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಡೆಯಲಾರದೆ ಮೇಲಿಂದ ಹಾರಿದವರೂ ಇದ್ದರು. ಚಪ್ಪಲಿ ಸ್ಟ್ಯಾಂಡು, ಸೈಕಲ್ಲು ಮೆಟ್ಟಿಲಲ್ಲಿ ಇಟ್ಟವರ ಹತ್ತಿರ ನಾನು ಜಗಳ ಆಡಿದ್ದೇನೆ, ಈಗಲೂ ಆಡುತ್ತೇನೆ.

ಸ್ಟ್ರಕ್ಚರ್ ವಿಷಯಕ್ಕೆ ಬಂದರೆ, ಬಿಲ್ಡರ್ ಕೊಡೋ ಒಂದು ಹಾಳೆಯ ಸ್ಟೆಬಿಲಿಟಿ ಸರ್ಟಿಫಿಕೇಟ್ ಸಾಲದು. ಸ್ಟ್ರಕ್ಚರಲ್ ಡ್ರಾಯಿಂಗ್, ಮಣ್ಣು ಪರೀಕ್ಷೆ ರಿಪೋರ್ಟ್, ಕಾಂಕ್ರೀಟ್ ಕ್ಯೂಬ್ ಟೆಸ್ಟ್ ರಿಪೋರ್ಟ್ ಕೇಳಿ. ನಿಮ್ಮದು ಪೋಸ್ಟ್-ಟೆನ್ಷನ್ ಸ್ಲ್ಯಾಬಾ ಅಂತ ಮೊದಲು ತಿಳಿದುಕೊಳ್ಳಿ. ಹೌದಾದರೆ ಸ್ಲ್ಯಾಬ್ ಒಳಗೆ ಬಿಗಿಯಾಗಿ ಎಳೆದ ಕೇಬಲ್‌ಗಳು ಇರುತ್ತವೆ. ಚಿಮಣಿ ಪೈಪಿಗೆ, ಫಾಲ್ಸ್ ಸೀಲಿಂಗಿಗೆ ಯಾರೋ ಕಣ್ಣುಮುಚ್ಚಿ ಡ್ರಿಲ್ ಹೊಡೆದರೆ ಮುಗೀತು. ಕೇಬಲ್ ಎಲ್ಲಿದೆ ಅಂತ ಗೊತ್ತಿರದ ಕಮಿಟಿ ಇಂಟೀರಿಯರ್ ಕೆಲಸಕ್ಕೆ ಪರ್ಮಿಷನ್ ಕೊಡಲೇಬಾರದು.

ಬಿರುಕು ಕಂಡರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ತಾರೀಕಿನ ಸಮೇತ. ಗುರುಗ್ರಾಮದ ಸೆಕ್ಟರ್ 109ರಲ್ಲಿ 2022ರಲ್ಲಿ ಒಂದು ಟವರಿನ ಕೆಲವು ಮಹಡಿಗಳ ಭಾಗ ಕುಸಿದು ಇಬ್ಬರು ಹೆಂಗಸರು ಸತ್ತರು. ಕಾಂಕ್ರೀಟಿನಲ್ಲಿದ್ದ ಕ್ಲೋರೈಡ್‌ನಿಂದ ಕಂಬಿ ತುಕ್ಕು ಹಿಡಿದಿತ್ತು ಅಂತ ದಿಲ್ಲಿ ಐಐಟಿ ತಜ್ಞರು ಹೇಳಿದರು. ಹಾಗಂತ ರಿಪೋರ್ಟ್ ಬರೆಸಿ ಬೀರುವಿನಲ್ಲಿ ಇಟ್ಟರೂ ಪ್ರಯೋಜನ ಇಲ್ಲ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರಲ್ಲಿ ಕುಸಿದು 98 ಜನರನ್ನು ಬಲಿ ತೆಗೆದುಕೊಂಡ ಕಟ್ಟಡದ ಬಗ್ಗೆ 2018ರಲ್ಲೇ ಎಂಜಿನಿಯರ್ ದೊಡ್ಡ ದೋಷಗಳಿವೆ ಅಂತ ಬರೆದುಕೊಟ್ಟಿದ್ದರು.

ನಿಮ್ಮ ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡೋ ಸರ್ಟಿಫಿಕೇಟ್) ಯಾವಾಗ ಬಂತು ಅಂತ ನೀವು ಬರೆದಿಲ್ಲ. ಪ್ಲಾನ್, ದಾಖಲೆಗಳನ್ನು ಅಸೋಸಿಯೇಷನ್‌ಗೆ ಒಪ್ಪಿಸೋದು ಬಿಲ್ಡರ್ ಜವಾಬ್ದಾರಿ ಅಂತ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಪೊಸೆಷನ್ ಕೊಟ್ಟ 5 ವರ್ಷದೊಳಗೆ ಸ್ಟ್ರಕ್ಚರ್ ದೋಷ ತೋರಿಸಿದರೆ 30 ದಿನದಲ್ಲಿ ಸ್ವಂತ ಖರ್ಚಲ್ಲಿ ಸರಿಮಾಡಬೇಕು ಅಂತ 14ನೇ ಸೆಕ್ಷನ್ನಿನಲ್ಲಿದೆ. ಆ್ಯಪ್ ಡೆಮೋಗಳನ್ನು ಮುಂದಕ್ಕೆ ಹಾಕಿ. ಈ ವಾರ ಬಿಲ್ಡರ್‌ಗೆ ಬೇಕಾದ ಡ್ರಾಯಿಂಗ್‌ಗಳ ಹೆಸರು ಒಂದೊಂದಾಗಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಬಂದ ಡ್ರಾಯಿಂಗ್ ಹಿಡಿದು ಕಟ್ಟಡ ಒಂದು ಸುತ್ತು ಹಾಕೋವರೆಗೂ ಯಾವ ಲಿಸ್ಟಿಗೂ ಸಹಿ ಹಾಕಬೇಡಿ. ಮ್ಯಾನೇಜರ್ ಎಷ್ಟೇ ಅವಸರ ಮಾಡಿದರೂ ಸರಿ.