ಊರು ಬಿಟ್ಟ ತಂಡದ ಹಳೇ ಕಪ್ ಯಾರ ಲೆಕ್ಕಕ್ಕೆ?

ಮಾರಾಯ್ರೇ, ಉಡುಪಿ ಕ್ವಿಜ್‌ಗೆ ನೀವು ಹಾಕಿದ ಏಳನೇ ಪ್ರಶ್ನೆ ದಯವಿಟ್ಟು ತೆಗೆಯಿರಿ. "ಐಪಿಎಲ್ 2 ಸಲ ಗೆದ್ದ ಹೈದರಾಬಾದ್ ತಂಡ" ಅಂತ ಕೇಳಿ ಸನ್‌ರೈಸರ್ಸ್ ಅಂತ ಉತ್ತರ ಇಟ್ಟಿದ್ದೀರಿ. ತಪ್ಪು. 2009ರ ಕಪ್ ಡೆಕ್ಕನ್ ಚಾರ್ಜರ್ಸ್‌ದು. ಆ ಫ್ರಾಂಚೈಸಿಯನ್ನು, ಅಂದರೆ ತಂಡ ನಡೆಸುವ ಹಕ್ಕನ್ನು, ಬಿಸಿಸಿಐ 2012ರಲ್ಲಿ ರದ್ದು ಮಾಡಿತು. ಸನ್‌ರೈಸರ್ಸ್ ಹೊಸ ಟೆಂಡರ್‌ನಲ್ಲಿ ಬಂದದ್ದು, ಲೆಕ್ಕ 2013ರಿಂದ. ಅವರದು 2016ರ ಒಂದೇ ಕಪ್. ಡೆಲ್ಲಿ ಹಾಗಲ್ಲ, ಅಲ್ಲಿ ಡೇರ್‌ಡೆವಿಲ್ಸ್ ಹೋಗಿ ಕ್ಯಾಪಿಟಲ್ಸ್ ಬಂದದ್ದು ಬರೀ ಹೆಸರಿನ ಬದಲಾವಣೆ. ಮಂಗಳೂರಿನ ಒಂದು ಕಾಲೇಜು ಕ್ವಿಜ್‌ನಲ್ಲಿ ಇದೇ ಪ್ರಶ್ನೆಗೆ ಸರಿ ಹೇಳಿದ ಮಕ್ಕಳಿಗೇ ಅಂಕ ಕೊಡಲಿಲ್ಲ, ಫೈನಲ್ ತಪ್ಪಿಹೋಯ್ತು. ನೋಡಿ ತುಂಬಾ ಬೇಜಾರಾಯ್ತು.

ನಾನು ಶೀಟ್‌ನಲ್ಲಿ 'ತಂಡ' ಅಂತ ಒಂದೇ ಕಾಲಂ ಇಡುವುದೇ ಇಲ್ಲ. ಫ್ರಾಂಚೈಸಿ, ಹೆಸರು, ಊರು ಬೇರೆ ಬೇರೆ. ಮತ್ತೊಂದು, 'ಲೀಗ್ ಏನು ಹೇಳಿದೆ'. ಅದೇ ಮುಖ್ಯ. ಅಮೆರಿಕದ ಬಾಲ್ಟಿಮೋರ್ ನೋಡಿ. 1984ರಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಕೋಲ್ಟ್ಸ್ ರಾತ್ರೋರಾತ್ರಿ ಲಾರಿಗೆ ಸಾಮಾನು ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಹೋಯ್ತು. ಹೆಸರು, ದಾಖಲೆ, ಹಳೇ ಗೆಲುವು ಎಲ್ಲ ಜೊತೆಗೇ ಹೋಯ್ತು. ಬಾಲ್ಟಿಮೋರ್‌ನಲ್ಲಿ ಆಡಿ ದೊಡ್ಡವರಾದ ಜಾನಿ ಯುನಿಟಾಸ್ ಆ ಹೊಸ ಊರಿನ ತಂಡದ ಸಂಬಂಧವೇ ಬೇಡ ಅಂದರು. 1996ರಲ್ಲಿ ಅದೇ ಬಾಲ್ಟಿಮೋರ್‌ಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮಾಲೀಕರು ಆಟಗಾರರನ್ನು ಕರ್ಕೊಂಡು ಬಂದರು. ಆದರೆ ಕ್ಲೀವ್‌ಲ್ಯಾಂಡ್ ಕೋರ್ಟಿಗೆ ಹೋಗಿ, ಹಠ ಹಿಡಿದು ಹೆಸರು, ಬಣ್ಣ, ಚರಿತ್ರೆ ಉಳಿಸಿಕೊಂಡಿತು. ಹಾಗಾಗಿ ಬಾಲ್ಟಿಮೋರ್‌ಗೆ ಬಂದವರು ರೇವನ್ಸ್ ಅಂತ ಹೆಸರಿಟ್ಟುಕೊಂಡ 1996ರ ಹೊಸ ತಂಡ. 1999ರಲ್ಲಿ ಹೊಸಬರನ್ನು ಕಟ್ಟಿಕೊಂಡು ಇಳಿದ ಬ್ರೌನ್ಸ್ ಹಳೇ ತಂಡ! ನನಗೆ ಇದೇ ನ್ಯಾಯ ಅನ್ನಿಸುತ್ತದೆ. ಕಲಾವಿದರು ಬಿಟ್ಟು ಹೋದರೆ ಯಕ್ಷಗಾನದ ಕಟೀಲು ಮೇಳದ ಹೆಸರು ಅವರ ಜೊತೆ ಹೋಗುತ್ತದಾ? ಆದರೆ ನಮ್ಮ ನ್ಯಾಯ ಕ್ವಿಜ್ ಉತ್ತರದಲ್ಲಿ ನಡೆಯುವುದಿಲ್ಲ, ಲೀಗ್ ಹೇಳಿದ್ದನ್ನೇ ಬರೆಯಬೇಕು.

ಅದೂ ಬದಲಾಗುತ್ತದೆ. ಅಮೆರಿಕದ್ದೇ ಬಾಸ್ಕೆಟ್‌ಬಾಲ್ ತಂಡ ಶಾರ್ಲಟ್ ಹಾರ್ನೆಟ್ಸ್ 2002ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿತ್ತು. 2014ರಲ್ಲಿ ಹೆಸರಿನ ಜೊತೆ ಹಳೇ ದಾಖಲೆಯೂ ಶಾರ್ಲಟ್‌ಗೆ ವಾಪಸ್ ಬಂತು. ಅದಕ್ಕೇ ಇಸವಿ ಇಲ್ಲದೆ ಪ್ರಶ್ನೆ ಬರೆಯಲೇಬೇಡಿ. ಫೋನ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಉತ್ತರವನ್ನು ಸುಮ್ನೆ ಎತ್ತಿ ಹಾಕುವ ಅಭ್ಯಾಸ ಬಿಡಿ, ಎಷ್ಟು ಸಲ ಹೇಳುವುದು! ಎಕ್ಸೆಲ್ ಬಳಸುವವರು ಇಸವಿಯ ಕಾಲಂ ಮೊದಲೇ ಟೆಕ್ಸ್ಟ್ ಮಾಡಿಡಿ. ಇಲ್ಲದಿದ್ದರೆ 1988ರಿಂದ 2002 ಅನ್ನುವುದಕ್ಕೆ 1988-02 ಅಂತ ಹಾಕಿದ್ದನ್ನು ಅದು ಫೆಬ್ರವರಿ ಮಾಡಿಬಿಡುತ್ತದೆ.

ಹನ್ನೊಂದನೇ ಪ್ರಶ್ನೆಯೂ ಒಮ್ಮೆ ನೋಡಿ. ನಮ್ಮ ರಾಜ್ಯದ ಟಿ20 ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿಯಲ್ಲಿ 2022ರ ಮಂಗಳೂರು ಯುನೈಟೆಡ್, 2025ರಲ್ಲಿ ಗೆದ್ದ ಮಂಗಳೂರು ಡ್ರಾಗನ್ಸ್ ಎರಡನ್ನೂ ಒಂದೇ ಸಾಲಿಗೆ ಹಾಕಿದ್ದೀರಿ. ನಮ್ಮೂರಿನದೇ ಅಂತ ಸೇರಿಸಬೇಡಿ, ಫ್ರಾಂಚೈಸಿ ಒಂದೇನಾ ಅಂತ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ದಾಖಲೆ ನೋಡಿ ಆಮೇಲೆ ಹಾಕಿ.