ಬ್ಲೂಸ್ ಗೊತ್ತಿಲ್ಲದೆ ಬೆಂಟೋನಿಯಾಗೆ ಹೋಗಬಹುದಾ?

ನಿಮ್ಮ ಪ್ರಶ್ನೆ: ಮಿಸಿಸಿಪ್ಪಿಯ ಜಾಕ್ಸನ್‌ಗೆ ಹೊಸದಾಗಿ ಬಂದಿದ್ದೀರಿ, ಆಫೀಸಿನವರು ಅದೇ ರಾಜ್ಯದ ಬೆಂಟೋನಿಯಾ ಎಂಬ ಪುಟ್ಟ ಊರಿನಲ್ಲಿ ಸ್ಥಳೀಯರು ನುಡಿಸುವ ಅಕೌಸ್ಟಿಕ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆ, ಇಲ್ಲಿ ಬರೀ ಮರದ ಗಿಟಾರ್ ಜೊತೆ) ಕೇಳಲು ಕರೆಯುತ್ತಿದ್ದಾರೆ, ನಿಮಗೆ ಅದರ ಗಂಧಗಾಳಿ ಇಲ್ಲ, ಬೋರ್ ಆಗುತ್ತದಾ?

ಆಗುವುದಿಲ್ಲ, ಹೋಗಿ. ಆದರೆ ಹಿಂದಿನ ಕುರ್ಚಿ ಹಿಡಿಯಬೇಡಿ. ಗಿಟಾರ್ ನುಡಿಸುವವರ ಬಲಗೈ ಹೆಬ್ಬೆರಳು ಕಾಣುವಷ್ಟು ಹತ್ತಿರ ಕೂರಿ.

ಅವರು ಕರೆದಿರುವುದು ಬ್ಲೂ ಫ್ರಂಟ್ ಕೆಫೆಗೇ ಇರಬೇಕು. ರೈಲು ಹಳಿ ಪಕ್ಕದ ಚಿಕ್ಕ ಕಟ್ಟಡ, ಒಳಗೆ ಸೌದೆ ಒಲೆ, ನಾಲ್ಕಾರು ಮೇಜು. 1948ರಲ್ಲಿ ಆ ಊರಿನ ಬ್ಲೂಸ್ ಗಾಯಕ ಜಿಮ್ಮಿ 'ಡಕ್' ಹೋಮ್ಸ್ ಅವರ ಅಪ್ಪ ಅಮ್ಮ ಶುರು ಮಾಡಿದ್ದು, 1970ರಿಂದ ಮಗ ನಡೆಸಿಕೊಂಡು ಬಂದಿದ್ದಾರೆ. ಆಗೆಲ್ಲ ಹತ್ತಿ ಹೊಲದಲ್ಲಿ ದುಡಿದವರು ಸಂಜೆ ಬಂದು ಕೂರುತ್ತಿದ್ದ ಜಾಗ. ಈಗಲೂ ವೇದಿಕೆ ಗೀದಿಕೆ ಅಂತ ದೊಡ್ಡದೇನೂ ನಿರೀಕ್ಷಿಸಬೇಡಿ.

ಹೆಬ್ಬೆರಳು ಯಾಕೆ ಅಂದೆ ಅಂದರೆ, ಇಲ್ಲಿ ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ದಪ್ಪ ತಂತಿಗಳ ಮೇಲೆ ಹೆಬ್ಬೆರಳು ಒಂದೇ ಸಮ ಡುಂ ಡುಂ ಅಂತ ಹೋಗುತ್ತಿರುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡಿಗೆ ಉತ್ತರ ಕೊಡುತ್ತಿರುತ್ತವೆ, ತಾಳಕ್ಕೆ ಕಾಲು. 1948ರಲ್ಲೇ ಡೆಟ್ರಾಯ್ಟ್‌ನಲ್ಲಿ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಒಬ್ಬರೇ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದಾಗ ಕಾಲಡಿ ಮರದ ಹಲಗೆ ಇಟ್ಟು ಆ ಸದ್ದನ್ನೂ ಹಿಡಿದಿದ್ದರು. ಸ್ಪೀಕರ್ ಪಕ್ಕ ಕೂತರೆ ಇದೆಲ್ಲ ಕಲಸಿಹೋಗುತ್ತದೆ, ಕೈ ಕಂಡರೆ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಹಾಡಿನ ಮಾತು ಅರ್ಥವಾಗದೆ ಇದ್ದರೂ ಗಾಬರಿ ಬೇಡ. ಸಾಮಾನ್ಯವಾಗಿ ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಕುಟುಕುತ್ತಾರೆ. ಹೆಂಡತಿ ಬಿಟ್ಟುಹೋದಳು, ಹೌದು ಬಿಟ್ಟೇ ಹೋದಳು, ಹೋಗುವಾಗ ನನ್ನ ನಾಯಿಯನ್ನೂ ಕರೆದುಕೊಂಡು ಹೋದಳು, ಈ ಥರ. ಬರೀ ಗೋಳು ಅಂದುಕೊಂಡು ಹೋದವರು ಅಲ್ಲಿ ಜನ ನಗುವುದು ನೋಡಿ ಪೆಚ್ಚಾಗುತ್ತಾರೆ.

ಒಂದು ಸುತ್ತಿಗೆ ಹನ್ನೆರಡು ಬಾರ್ (ತಾಳದ ಆವರ್ತ) ಲೆಕ್ಕ ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರಲ್ವಾ, ಅದನ್ನು ಮನೆಯಲ್ಲೇ ಬಿಟ್ಟುಹೋಗಿ. ಒಬ್ಬರೇ ನುಡಿಸುವಾಗ ಉಸಿರು ಬೇಕೆನಿಸಿದಲ್ಲಿ ನಿಲ್ಲುತ್ತಾರೆ, ಮನಸ್ಸು ಬಂದಾಗ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬದಲಿಸುತ್ತಾರೆ. ಬೆಂಟೋನಿಯಾದವರಂತೂ ಶ್ರುತಿ ಮಾಡುವ ರೀತಿಯೇ ಬೇರೆ. ಎಡಗೈ ಇಡದೆ ಆರೂ ತಂತಿ ಮೀಟಿದರೆ ವಿಷಾದದ ಛಾಯೆಯ ಮೈನರ್ ಕಾರ್ಡ್ ಬರುತ್ತದೆ, ಅದಕ್ಕೇ ಆ ಸಂಗೀತದಲ್ಲಿ ಒಂಥರಾ ಕತ್ತಲೆ. 1931ರಲ್ಲಿ ರೆಕಾರ್ಡ್ ಮಾಡಿದ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಇದೇ ಊರಿನವರು, ಅವರಿಗೆ ಈ ಶ್ರುತಿಯನ್ನು ತೋರಿಸಿಕೊಟ್ಟವರು ಗಿಟಾರ್ ವಾದಕ ಹೆನ್ರಿ ಸ್ಟಕಿ. ಸ್ಟಕಿಯ ಕೈ ನೋಡಿ ಕಲಿತವರಲ್ಲಿ ಹೋಮ್ಸ್ ಕೂಡ ಒಬ್ಬರು. ನೋಟೇಶನ್ ಪುಸ್ತಕ ಇಟ್ಟುಕೊಂಡು ಬಂದ ವಿದ್ಯೆಯಲ್ಲ. ನೀವು ಹತ್ತಿರ ಕೂರಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಚಪ್ಪಾಳೆ ಬಗ್ಗೆ ಒಂದು ಮಾತು. ನಮ್ಮ ಕೈ ಭಜನೆಯ ಅಭ್ಯಾಸದಲ್ಲಿ ಮೊದಲ ಪೆಟ್ಟಿಗೇ ಬೀಳುತ್ತದೆ. ಅಲ್ಲಿ ನಾಲ್ಕು ಪೆಟ್ಟಿನಲ್ಲಿ ಎರಡು ಮತ್ತು ನಾಲ್ಕನೆಯದಕ್ಕೆ ತಟ್ಟುತ್ತಾರೆ. ಗೊಂದಲವಾದರೆ ಸುಮ್ನೆ ತಲೆ ಆಡಿಸಿ, ಸಾಕು.

ಎದುರಿಗೆ ಡಬ್ಬಿ ಇಟ್ಟಿದ್ದರೆ ದುಡ್ಡು ಹಾಕಿ, ಚಿಲ್ಲರೆ ಅಲ್ಲ, ನೋಟು. ನುಡಿಸುವಾಗ ಹರಟಬೇಡಿ, ಮಧ್ಯೆ ಬಿಡುವಿನಲ್ಲಿ ಅವರೇ ಬಂದು ಮಾತಾಡಿಸುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಊಟ ಮುಗಿಸಿಕೊಂಡೇ ಹೊರಡಿ.