ಟೋಕಿಯೋದಲ್ಲಿ ಐದನೇ ತರಗತಿಯ ಒಂದು ದಿನ

ಅಕ್ಕಾ ಎಂದು ಕರೆದು ಕೇಳಿದ್ದೀರಿ, ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಟೋಕಿಯೋಗೆ ವರ್ಗವಾಗಿದೆ, ಮಗಳಿಗೆ ಹತ್ತು ತುಂಬಿದೆ. ಏಪ್ರಿಲ್‌ನಲ್ಲಿ ಅವಳನ್ನು ಇಲ್ಲಿನ ಸರಕಾರಿ ಶಾಲೆಗೆ ಸೇರಿಸುವುದೋ, ಎದೊಗಾವಾ ವಾರ್ಡಿನ ನಿಶಿ ಕಸಾಯಿ ಕಡೆಯ ಭಾರತೀಯ ಶಾಲೆಗೆ ಕಳಿಸುವುದೋ ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ, "ಸರಕಾರಿ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಕಸ ಗುಡಿಸಿಸುತ್ತಾರಂತೆ, ಊಟ ಬಡಿಸಿಸುತ್ತಾರಂತೆ, ಪಾಠ ಯಾವಾಗ ಮಾಡುತ್ತಾರೆ?" ಎಂದೂ ಕೇಳಿದ್ದೀರಿ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರಕಾರಿ ಶಾಲೆಗಳಲ್ಲೇ ಓದಿದವರು. ಅವರು ದೊಡ್ಡವರಾದ ಮೇಲೂ ನಾನು ತರಗತಿಗೆ ಹೋಗುವುದನ್ನು ಬಿಟ್ಟಿಲ್ಲ. ಹೊಸದಾಗಿ ಬಂದ ಭಾರತೀಯ ಮಕ್ಕಳ ಪಕ್ಕದಲ್ಲಿ ಕುಳಿತು ಪಾಠ ಅರ್ಥಮಾಡಿಸುವ ಕೆಲಸ ಮಾಡುತ್ತೇನೆ.

ಮೊದಲು ನಿರ್ಧಾರದ ಮಾತು. ಎರಡು ವರ್ಷಕ್ಕೆ ಬಂದು ಹಿಂದಿರುಗುವವರಾದರೆ ಭಾರತೀಯ ಶಾಲೆಯೇ ಸರಿ. ಊರಿಗೆ ಹೋದ ಮೇಲೆ ಮಗು ಅದೇ ಪಠ್ಯಕ್ರಮದಲ್ಲಿ ಮುಂದುವರಿಯುತ್ತದೆ. ಐದಾರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವ ಅಂದಾಜಿದ್ದರೆ ಸರಕಾರಿ ಶಾಲೆಗೆ ಸೇರಿಸಿ, ಅದೂ ಈಗಲೇ. ಹನ್ನೆರಡು ಹದಿಮೂರರ ನಂತರ ಸೇರುವ ಮಗುವಿಗೆ ಬಾಗಿಲು ಮುಚ್ಚಿರುವುದಿಲ್ಲ, ಆದರೆ ಮೆಟ್ಟಿಲು ತುಂಬ ಕಡಿದಾಗಿರುತ್ತದೆ.

ಸೇರಿಸುವುದು ಕಷ್ಟವಲ್ಲ. ವಿದೇಶಿ ಮಕ್ಕಳಿಗೆ ಶಾಲೆ ಇಲ್ಲಿ ಕಡ್ಡಾಯವಲ್ಲವಾದ್ದರಿಂದ ಯಾರೂ ಮನೆಗೆ ಬಂದು ಕರೆಯಲಿಕ್ಕಿಲ್ಲ. ನೀವೇ ವಾರ್ಡ್ ಕಚೇರಿಗೆ ನಿವಾಸ ಕಾರ್ಡ್ ತೆಗೆದುಕೊಂಡು ಹೋಗಿ ಕೇಳಬೇಕು. ಕೇಳಿದರೆ ಇಲ್ಲ ಎನ್ನುವುದಿಲ್ಲ. ಬೋಧನಾ ಶುಲ್ಕವಿಲ್ಲ, ಪಠ್ಯಪುಸ್ತಕವೂ ಉಚಿತ. ಮಗುವನ್ನು ವಯಸ್ಸಿನ ಪ್ರಕಾರ ತರಗತಿಗೆ ಹಾಕುತ್ತಾರೆ. ಏಪ್ರಿಲ್ 1ಕ್ಕೆ ಹತ್ತು ತುಂಬಿದ್ದರೆ ಐದನೇ ತರಗತಿ. ಭಾಷೆ ಬಾರದ ಮಗುವನ್ನು ಒಂದು ತರಗತಿ ಕೆಳಗೆ ಕೂರಿಸಬಹುದೇ ಎಂದು ಮಾತಾಡಲು ಅವಕಾಶವಿದೆ. ನಾನು ಮಾತ್ರ ಓರಗೆಯವರ ಜೊತೆಗೇ ಇರಲಿ ಎನ್ನುವವಳು.

ಇಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಐದು ಮತ್ತು ಆರನೇ ತರಗತಿಯವರು ಶಾಲೆಯ ಹಿರಿಯರು. ಈ ಒಂದು ಸಂಗತಿ ಇಡೀ ದಿನದ ಸ್ವರೂಪವನ್ನು ನಿರ್ಧರಿಸುತ್ತದೆ. ಅನೇಕ ಕಡೆ ಬೀದಿಯ ಮಕ್ಕಳು ಸಾಲಾಗಿ ಗುಂಪಿನಲ್ಲಿ ನಡೆದೇ ಶಾಲೆಗೆ ಹೋಗುತ್ತಾರೆ. ಮುಂದೆ ಒಬ್ಬ ದೊಡ್ಡ ಮಗು, ಹಿಂದೆ ಒಬ್ಬ ದೊಡ್ಡ ಮಗು, ನಡುವೆ ಚಿಕ್ಕವರು. ಅಪ್ಪ ಅಮ್ಮ ಗೇಟಿನವರೆಗೆ ಬಿಟ್ಟು ಬರುವ ಪದ್ಧತಿಯಿಲ್ಲ. ಬಾಗಿಲಲ್ಲಿ ಹೊರಗಿನ ಶೂ ಬಿಚ್ಚಿ ಒಳಗಿನ ಬಿಳಿ ಶೂ, ಅಂದರೆ ಉವಾಬಾಕಿ, ಹಾಕಿಕೊಳ್ಳಬೇಕು. ಎಂಟೂವರೆ ಹೊತ್ತಿಗೆ ಬೆಳಗಿನ ಸಭೆ. ಅದನ್ನು ನಡೆಸುವುದು ಶಿಕ್ಷಕರಲ್ಲ, ಆ ದಿನದ ಸರದಿ ಬಂದ ಮಗು. ಸರದಿ ಎಲ್ಲರಿಗೂ ಬರುತ್ತದೆ, ನಿಮ್ಮ ಮಗಳಿಗೂ. ಎದ್ದು ನಿಂತು ಹೇಳಬೇಕಾದ ವಾಕ್ಯಗಳು ದಿನವೂ ಅವೇ ಆದ್ದರಿಂದ, ಭಾಷೆ ಬಾರದ ಮಗು ಇಡೀ ತರಗತಿಯ ಮುಂದೆ ಮೊದಲ ಬಾರಿಗೆ ಬಾಯಿ ಬಿಡುವುದು ಸಾಮಾನ್ಯವಾಗಿ ಇಲ್ಲೇ.

ಪಾಠದ ಅವಧಿ 45 ನಿಮಿಷ. ಐದನೇ ತರಗತಿಗೆ ವರ್ಷಕ್ಕೆ 1,015 ಅವಧಿಗಳು; ಹಾಗಾಗಿ ಪಾಠ ಯಾವಾಗ ಮಾಡುತ್ತಾರೆ ಎಂಬ ಚಿಂತೆ ಬೇಡ. ಮಧ್ಯಾಹ್ನದೊಳಗೆ ನಾಲ್ಕು, ಊಟದ ನಂತರ ಒಂದೋ ಎರಡೋ. ಎರಡನೆಯ ಅವಧಿಯಾದ ಮೇಲೆ ದೊಡ್ಡ ವಿರಾಮ, ಎಲ್ಲರೂ ಮೈದಾನಕ್ಕೆ. ಹೆಚ್ಚಿನ ವಿಷಯಗಳನ್ನು ಒಬ್ಬರೇ ತರಗತಿ ಶಿಕ್ಷಕರು ಕಲಿಸುತ್ತಾರೆ. ಸಂಗೀತ, ಚಿತ್ರಕಲೆಯಂಥವಕ್ಕೆ ಬೇರೆಯವರು ಬರುವುದುಂಟು.

ಗಣಿತದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮ ತಂದೆತಾಯಂದಿರು ದಾರಿ ತಪ್ಪುವುದು ಇಲ್ಲೇ. ಐದನೇ ತರಗತಿಯಲ್ಲಿ ದಶಮಾಂಶದ ಭಾಗಾಕಾರ ಬರುತ್ತದೆ. ಶಿಕ್ಷಕರು ಹಲಗೆಯ ಮೇಲೆ ಒಂದೇ ಒಂದು ಲೆಕ್ಕ ಬರೆಯುತ್ತಾರೆ: 2.4 ಮೀಟರ್ ರಿಬ್ಬನ್ನಿಗೆ 96 ಯೆನ್ ಆದರೆ ಒಂದು ಮೀಟರಿಗೆ ಎಷ್ಟು? ಮಗ್ಗಿ ಬಾಯಿಪಾಠವಿರುವ ನಮ್ಮ ಮಗು ಬಿಂದುವನ್ನು ಸರಿಸಿ, ಭಾಗಿಸಿ, 40 ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತದೆ. ತರಗತಿ ಆಗ ಇನ್ನೂ ಆರಂಭವಾಗಿರುತ್ತದೆ ಅಷ್ಟೇ. ಮಕ್ಕಳು ತಾವಾಗಿಯೇ ಯೋಚಿಸಲು ಸಮಯ ಕೊಡುತ್ತಾರೆ. ಒಬ್ಬ 2.4 ಮೀಟರನ್ನು 0.1ರ 24 ತುಂಡು ಮಾಡಿ, ಒಂದು ತುಂಡಿಗೆ 4 ಯೆನ್, ಹತ್ತು ತುಂಡಿಗೆ 40 ಎನ್ನುತ್ತಾನೆ. ಇನ್ನೊಬ್ಬಳು ಹತ್ತು ಪಟ್ಟು ರಿಬ್ಬನ್ ಕೊಂಡರೆ 24 ಮೀಟರಿಗೆ 960 ಯೆನ್, ಒಂದು ಮೀಟರಿನ ಬೆಲೆ ಬದಲಾಗುವುದಿಲ್ಲ ಎನ್ನುತ್ತಾಳೆ. ಎರಡೂ ದಾರಿಗಳು ಹಲಗೆಯ ಮೇಲೆ ಅಕ್ಕಪಕ್ಕ ಬರುತ್ತವೆ. ಆಮೇಲೆ ಶಿಕ್ಷಕರು ನಮ್ಮ ಮಗುವಿನ ಕಡೆ ತಿರುಗಿ, "ಬಿಂದುವನ್ನು ಸರಿಸಬಹುದು ಎಂದು ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳುತ್ತಾರೆ. ಉತ್ತರ ಸರಿಯಿದ್ದರೂ ಮಗು ತಬ್ಬಿಬ್ಬಾಗುತ್ತದೆ. ಕಾರಣ ಹೇಳುವ ಅಭ್ಯಾಸ ಅದಕ್ಕಿರುವುದಿಲ್ಲ, ಭಾಷೆಯೂ ಇರುವುದಿಲ್ಲ.

45 ನಿಮಿಷದಲ್ಲಿ ಒಂದೇ ಲೆಕ್ಕವೇ ಎಂದು ಮೂಗು ಮುರಿಯುವ ಭಾರತೀಯ ತಂದೆಯರನ್ನು ಬಹಳ ನೋಡಿದ್ದೇನೆ. ಮನೆಯಲ್ಲಿ ಮೇಲಿನ ತರಗತಿಯ ಲೆಕ್ಕಗಳನ್ನು ಮಾಡಿಸಿ ಮಗುವನ್ನು ಮುಂದೆ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದು ಲೆಕ್ಕದಲ್ಲಿ ಇತರ ಮಕ್ಕಳ ಯೋಚನೆಯನ್ನು ಕೇಳಿಸಿಕೊಂಡು, ತನ್ನದನ್ನು ಅವರಿಗೆ ಒಪ್ಪಿಸುವುದನ್ನು ಅವಳು ಕಲಿಯುತ್ತಾಳೆ. ಅದರ ಬೆಲೆ ತಿಳಿದೇ ನಾನು ಇದನ್ನು ಹೇಳುತ್ತಿದ್ದೇನೆ. ಮನೆಯಲ್ಲಿ ಲೆಕ್ಕ ಮಾಡಿಸುವುದಾದರೆ ಕನ್ನಡದಲ್ಲೇ "ಹೇಗೆ ಬಂತು, ಹೇಳು" ಎಂದು ಕೇಳಿ. ಒಮ್ಮೆ ಕನ್ನಡದಲ್ಲಿ ಕಾರಣ ಕೂಡಿಸಿ ಹೇಳಲು ಬಂದರೆ ಜಪಾನಿ ಪದಗಳು ಅದರ ಮೇಲೆ ಬಂದು ಕೂರುತ್ತವೆ.

ನಿಜವಾದ ಬೆಟ್ಟವೆಂದರೆ ಭಾಷಾ ಪಾಠ, ಅಂದರೆ ಜಪಾನಿ. ಆರು ವರ್ಷಗಳಲ್ಲಿ ಚೀನಾ ಮೂಲದ ಲಿಪಿಯಾದ ಕಾಂಜಿಯ 1,026 ಅಕ್ಷರಗಳನ್ನು ಕಲಿಯಬೇಕು. ಐದನೇ ತರಗತಿಯೊಂದರಲ್ಲೇ 193 ಹೊಸವು, ಹಿಂದಿನ ನಾಲ್ಕು ವರ್ಷಗಳ 642 ಬರುತ್ತವೆ ಎಂದು ಇಟ್ಟುಕೊಂಡೇ ಪುಸ್ತಕ ಬರೆದಿರುತ್ತಾರೆ. ನಿಮ್ಮ ಮಗಳು ಅಷ್ಟನ್ನೂ ಒಂದು ವರ್ಷದಲ್ಲಿ ತುಂಬಿಕೊಳ್ಳಲಾರಳು, ತುಂಬಿಕೊಳ್ಳಬೇಕು ಎಂದು ಒತ್ತಡ ಹೇರಲೂ ಬಾರದು. ಮೊದಲನೇ ತರಗತಿಯ ಎಂಬತ್ತು ಅಕ್ಷರಗಳಿಂದಲೇ ಆರಂಭಿಸಲಿ. ಪುಸ್ತಕದಲ್ಲಿ ಕಾಂಜಿಯ ಪಕ್ಕ ಓದುವ ಬಗೆಯನ್ನು ಹಿರಾಗಾನಾ ಎಂಬ ಸರಳ ಅಕ್ಷರಮಾಲೆಯಲ್ಲಿ ಸಣ್ಣದಾಗಿ ಬರೆದುಕೊಡಿ ಎಂದು ಶಿಕ್ಷಕರನ್ನು ಕೇಳಬಹುದು, ಹೆಚ್ಚಿನವರು ಮಾಡಿಕೊಡುತ್ತಾರೆ. ಮನೆಗೆಲಸವಾಗಿ ಗಟ್ಟಿಯಾಗಿ ಓದುವುದು ಇರುತ್ತದೆ. ಕೇಳಿಸಿಕೊಂಡೆವು ಎಂದು ಮನೆಯವರು ಚೀಟಿಯಲ್ಲಿ ಗುರುತು ಹಾಕಬೇಕು. ನಿಮಗೆ ಅರ್ಥವಾಗದಿದ್ದರೂ ಪಕ್ಕದಲ್ಲಿ ಕುಳಿತು ಕೇಳಿ.

ವಿಜ್ಞಾನದಲ್ಲಿ ಅವಳಿಗೆ ಉಸಿರಾಡಲು ಜಾಗವಿದೆ. ದಾರಕ್ಕೆ ಭಾರ ಕಟ್ಟಿ ಲೋಲಕ ಮಾಡಿ, ಉದ್ದ ಬದಲಿಸಿ, ಭಾರ ಬದಲಿಸಿ, ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಅಳೆದು ಸರಾಸರಿ ತೆಗೆಯುತ್ತಾರೆ. ಮೆದಾಕಾ ಎಂಬ ಪುಟ್ಟ ಮೀನಿನ ಮೊಟ್ಟೆ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಾಲ್ಕು ಜನರ ಗುಂಪಿನಲ್ಲಿ ಗಡಿಯಾರ ಹಿಡಿಯುವ ಕೆಲಸಕ್ಕೆ ಭಾಷೆ ಬೇಕಿಲ್ಲ, ಆದರೆ ಆ ಗುಂಪಿನಿಂದಲೇ ಭಾಷೆ ಬರುತ್ತದೆ. ಇಂಗ್ಲಿಷ್ 2020ರಿಂದ ಐದು ಮತ್ತು ಆರನೇ ತರಗತಿಗೆ ಪೂರ್ಣ ವಿಷಯವಾಗಿದೆ, ವಾರಕ್ಕೆ ಎರಡು ಅವಧಿ. ಅಲ್ಲಿ ಅವಳು ಎಲ್ಲರಿಗಿಂತ ಮುಂದಿರುತ್ತಾಳೆ. ಅದೊಂದು ಧೈರ್ಯ. ಸಮಾಜ ಪಾಠ ಮಾತ್ರ ಮೊದಲ ವರ್ಷ ಪೂರಾ ಕಗ್ಗಂಟಾಗಿಯೇ ಇರುತ್ತದೆ.

ಇನ್ನು ಊಟ. ಇದನ್ನು ಕ್ಯೂಶೊಕು ಎನ್ನುತ್ತಾರೆ. ಸರದಿಯ ಮಕ್ಕಳು ಬಿಳಿ ಮೇಲಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಪಾತ್ರೆಗಳನ್ನು ತರಗತಿಗೇ ತಂದು ಬಡಿಸುತ್ತಾರೆ. ಶಿಕ್ಷಕರೂ ಅದನ್ನೇ, ಅಲ್ಲೇ ಕುಳಿತು ಊಟ ಮಾಡುತ್ತಾರೆ. ತಿಂಗಳ ಮೊದಲೇ ಊಟದ ಪಟ್ಟಿ ಮನೆಗೆ ಬರುತ್ತದೆ, ಯಾವ ಅಡುಗೆಗೆ ಏನು ಹಾಕಿದ್ದಾರೆ ಎಂಬುದೂ ಅದರಲ್ಲಿರುತ್ತದೆ. ನೀವು ಸಸ್ಯಾಹಾರಿಗಳು ಎಂದಿದ್ದೀರಿ. ಹಾಗಾದರೆ ಮಾಂಸದ ತುಂಡು ಪಕ್ಕಕ್ಕಿಟ್ಟರೆ ಸಾಲದು. ತರಕಾರಿ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ. ಮನೆಯಿಂದ ಡಬ್ಬಿ ತರಲು ಅನುಮತಿ ಕೇಳಿ. ಒಂದೊಂದು ಶಾಲೆಯ ರೀತಿ ಒಂದೊಂದು, ಆದರೆ ಕಾರಣ ವಿವರಿಸಿದರೆ ಹೆಚ್ಚಾಗಿ ಒಪ್ಪುತ್ತಾರೆ. ಅನ್ನ, ಹಾಲು, ಹಣ್ಣು ಶಾಲೆಯದು, ಪಲ್ಯ ಮನೆಯದು ಎಂಬ ಏರ್ಪಾಡೂ ಆಗಬಹುದು. ಒಂದು ಮಾತು: ಡಬ್ಬಿ ತಂದರೂ ಬಡಿಸುವ ಸರದಿಯಿಂದ ಅವಳನ್ನು ತಪ್ಪಿಸಬೇಡಿ. ಮೀನಿನ ಪಾತ್ರೆ ಮುಟ್ಟಲು ಮುಜುಗರವಾದರೆ ಅನ್ನವನ್ನೋ ಹಾಲಿನ ಡಬ್ಬಗಳನ್ನೋ ಕೊಡಿ ಎಂದು ಹೇಳಿ. ಬಡಿಸುವ ಕೈ ಎಲ್ಲರಿಗೂ ಪರಿಚಯವಾಗುತ್ತದೆ.

ಊಟವಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸ್ವಚ್ಛತೆ. ಮೇಜು ಕುರ್ಚಿ ಸರಿಸಿ, ಗುಡಿಸಿ, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾರೆ. ಶಾಲೆಗೆ ಕೆಲಸದವರು ಇಲ್ಲದೆ ಹೀಗಲ್ಲ, ಅವರೂ ಇದ್ದಾರೆ. ಇದು ಪಾಠವೆಂದೇ ಇಟ್ಟದ್ದು. ಹಿರಿಯ ತರಗತಿಯವರಿಗೆ ಮೆಟ್ಟಿಲು, ಪ್ರಯೋಗಾಲಯದಂಥ ಜಾಗಗಳ ಹೊಣೆಯೂ ಬರುತ್ತದೆ. ಏಪ್ರಿಲ್‌ನಲ್ಲಿ ಆರನೆಯವರು ಒಂದನೇ ತರಗತಿಗೆ ಹೋಗಿ ಪುಟ್ಟವರಿಗೆ ಪೊರಕೆ ಹಿಡಿಯುವುದನ್ನು ತೋರಿಸಿಕೊಡುತ್ತಾರೆ. ನಮ್ಮಲ್ಲಿ ಪೊರಕೆಗೆ ಅಂಟಿಕೊಂಡಿರುವುದು ಏನು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಕಸ ಗುಡಿಸುವ ಕೆಲಸವನ್ನು ಇಂಥವರದೆಂದು ನಿಗದಿ ಮಾಡಿಟ್ಟ ನಾಡಿನಿಂದ ಬಂದವರು ನಾವು. ಡಾಕ್ಟರ ಮಗನೂ ಅಂಗಡಿಯವನ ಮಗಳೂ ಒಂದೇ ಬಕೆಟ್ಟಿನಲ್ಲಿ ಬಟ್ಟೆ ಹಿಂಡುವುದನ್ನು ನೋಡಿದಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡಲಾರೆ. ಈ ಇಪ್ಪತ್ತು ನಿಮಿಷ ವ್ಯರ್ಥ ಎಂದು ಮಗಳ ಮುಂದೆ ಒಂದು ಮಾತೂ ಆಡಬೇಡಿ.

ಮಧ್ಯಾಹ್ನದ ಅವಧಿಗಳಲ್ಲಿ ನನಗೆ ಪ್ರಿಯವಾದದ್ದು ಗೃಹವಿಜ್ಞಾನ. ಐದನೇ ತರಗತಿಯಲ್ಲೇ ಆರಂಭ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ. ಗುಂಡಿ ಹೊಲಿಯುವುದು, ಹೊಲಿಗೆ ಯಂತ್ರ ನಡೆಸುವುದು, ಅನ್ನ ಮಾಡುವುದು. ಅಕ್ಕಿ ಹೇಗೆ ಬೇಯುತ್ತದೆ ಎಂದು ಕಾಣಲಿ ಎಂದು ಗಾಜಿನ ಪಾತ್ರೆಯಲ್ಲಿ ಬೇಯಿಸುವುದೂ ಉಂಟು. ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರು ಮಾಡುವ ದಿನಕ್ಕೆ ಮುಂಚೆ, ಒಣಮೀನಿನ ಬದಲು ಕೊಂಬು ಎಂಬ ಕಡಲಪಾಚಿಯ ರಸ ಬಳಸಲಿ ಎಂದು ಚೀಟಿ ಬರೆದುಕೊಡಿ. ಐದನೆಯವರು ಶಾಲೆಯ ಸಮಿತಿಗಳಿಗೂ ಸೇರುತ್ತಾರೆ: ಗ್ರಂಥಾಲಯ, ಆರೋಗ್ಯ, ಊಟದ ಹೊತ್ತಿನ ಪ್ರಸಾರ ಹೀಗೆ. ಆಗಾಗ ಭೂಕಂಪದ ತಾಲೀಮು ನಡೆಯುತ್ತದೆ. ಮೇಜಿನ ಕೆಳಗೆ ತೂರಿ ಅದರ ಕಾಲು ಹಿಡಿದುಕೊಂಡು, ಆಮೇಲೆ ತಳ್ಳದೆ, ಓಡದೆ, ಮಾತಾಡದೆ, ಹಿಂದಿರುಗದೆ ಮೈದಾನಕ್ಕೆ ಹೋಗಬೇಕು. ಅವಳು ಮನೆಗೆ ಬಂದು ಹೇಳಿಕೊಟ್ಟರೆ ನೀವೂ ಕಲಿತುಕೊಳ್ಳಿ. ಭೂಕಂಪದಲ್ಲಿ ಏನು ಮಾಡಬೇಕೆಂಬುದು ನನ್ನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಎಚ್ಚರಿಕೆ. ಇಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ. ಐದು ಮುಗಿದರೆ ಆರು, ಆರು ಮುಗಿದರೆ ಮಾಧ್ಯಮಿಕ ಶಾಲೆ, ತಾನಾಗಿಯೇ. ಸುಮ್ಮನೆ ಕೂತು ನಗುವ, ತೊಂದರೆ ಕೊಡದ ಹುಡುಗಿ ಏನೂ ಅರ್ಥವಾಗದೆಯೂ ವರ್ಷಗಳನ್ನು ದಾಟಿಬಿಡಬಹುದು. ಅದು ಗೊತ್ತಾಗುವುದು ಹದಿನೈದನೇ ವಯಸ್ಸಿನಲ್ಲಿ, ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಎದುರಾದಾಗ. ಆಟದ ಮೈದಾನದ ಜಪಾನಿ ಒಂದೆರಡು ವರ್ಷಗಳಲ್ಲಿ ಬಂದುಬಿಡುತ್ತದೆ. ಅದನ್ನು ಕೇಳಿ, ಭಾಷೆ ಬಂತು ಎಂದು ತಂದೆತಾಯಿ ನಿಶ್ಚಿಂತರಾಗುತ್ತಾರೆ. ಪಠ್ಯಪುಸ್ತಕದ ಜಪಾನಿಗೆ ಐದಾರು ವರ್ಷ ಬೇಕು.

ಆದ್ದರಿಂದ ಸೇರಿಸುವ ದಿನವೇ, ಜಪಾನಿ ಬಾರದ ಮಕ್ಕಳಿಗೆ ಪ್ರತ್ಯೇಕವಾಗಿ ಜಪಾನಿ ಕಲಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. 2014ರಿಂದ ಇದನ್ನು ಶಾಲೆಯ ಅವಧಿಯೊಳಗೇ, ಅಧಿಕೃತ ಪಾಠವಾಗಿ ನಡೆಸಲು ಅವಕಾಶವಿದೆ, ವರ್ಷಕ್ಕೆ 10ರಿಂದ 280 ಅವಧಿಗಳವರೆಗೆ. ಎಲ್ಲ ಶಾಲೆಗಳಲ್ಲೂ ಶಿಕ್ಷಕರು ಇರುವುದಿಲ್ಲ. ಪಕ್ಕದ ವಾರ್ಡಿನಲ್ಲಿ ಸಿಗುವುದು ನಿಮ್ಮಲ್ಲಿ ಸಿಗದಿರಬಹುದು. ಮನೆ ಬಾಡಿಗೆಗೆ ಹಿಡಿಯುವ ಮುಂಚೆಯೇ ವಿಚಾರಿಸಿ. ಅವಳನ್ನು ಯಾವ ಅವಧಿಯಲ್ಲಿ ಹೊರಗೆ ಕರೆದು ಕಲಿಸುತ್ತಾರೆ ಎಂಬುದನ್ನೂ ಕೇಳಿ. ತರಗತಿಯ ಭಾಷಾ ಪಾಠ, ಸಮಾಜ ಪಾಠದ ಹೊತ್ತಿನಲ್ಲಾದರೆ ಸರಿ. ಗಣಿತ, ವಿಜ್ಞಾನ, ಆಟ, ಗೃಹವಿಜ್ಞಾನದಿಂದ ಎಬ್ಬಿಸುವುದು ಬೇಡ ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿ.

ಚರ್ಮದ ದೊಡ್ಡ ಶಾಲಾ ಚೀಲ ರಾಂದೊಸೆರು ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಅದು ದುಬಾರಿ, ಉಳಿದಿರುವುದು ಎರಡೇ ವರ್ಷ. ಸಾಮಾನ್ಯ ಚೀಲ ಸಾಕೇ ಎಂದು ಶಾಲೆಯನ್ನು ಕೇಳಿದ ಮೇಲೆ ನಿರ್ಧರಿಸಿ. ಉವಾಬಾಕಿ, ಮರದ ಪೆನ್ಸಿಲ್‌ಗಳು, ನೆಲ ಒರೆಸಲು ಹೊಲಿದ ಎರಡು ಬಟ್ಟೆ, ಇವು ಮೊದಲ ದಿನದಿಂದಲೇ ಬೇಕು. ಮಾರ್ಚ್ ಕೊನೆಯ ವಾರದೊಳಗೆ ಶಾಲೆಯವರನ್ನು ಭೇಟಿ ಮಾಡಿ. ನಿಮ್ಮ ಶಾಲೆಗೆ ಭಾಷಾಂತರಕ್ಕೆ ಯಾರೂ ಸಿಗದಿದ್ದರೆ ನನಗೆ ತಿಳಿಸಿ, ನಾನೇ ಜೊತೆಗೆ ಬರುತ್ತೇನೆ.